ಒಂದೇ ಸಲ ಹೊಡೆಯುವ ಫ್ಲ್ಯಾಶ್

ನನ್ನ ಫ್ಲ್ಯಾಶ್ ಮುರಿದದ್ದು ಅಕ್ಕ ನಿವೃತ್ತಿಯಾಗಲು ಸರಿಯಾಗಿ ಹನ್ನೆರಡು ದಿನ ಬಾಕಿ ಇರುವಾಗ. ಟ್ರೈಪಾಡ್ ಜಾರಿ ಬಿತ್ತು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ಅದಕ್ಕೆ ಎಡವಿದ್ದು ನನ್ನ ಕಾಲೇ. ಕ್ಯಾಮೆರಾಕ್ಕೆ ಏನೂ ಆಗಲಿಲ್ಲ. ಅದರ ನೆತ್ತಿಯ ಮೇಲಿದ್ದ ಫ್ಲ್ಯಾಶ್ ಮಾತ್ರ ಕತ್ತು ಮುರಿದುಕೊಂಡು ಮೇಜಿನ ಕೆಳಗೆ ಹೋಗಿ ಬಿತ್ತು. ಕ್ಯಾಮೆರಾ ಮಾಡಿದ ಕಂಪನಿಯದೇ ಫ್ಲ್ಯಾಶ್, ಒಂಬತ್ತು ವರ್ಷ ದುಡಿದಿತ್ತು. ಅದೇ ಕಂಪನಿಯ ಹೊಸದಕ್ಕೆ ಬೆಲೆ ವಿಚಾರಿಸಿದೆ. ಅಂಗಡಿಯವನು ಹೇಳಿದ ದುಡ್ಡಿಗೆ ನನ್ನ ಕ್ಯಾಮೆರಾದಂಥ ಇನ್ನೊಂದು ಹಳೇ ಕ್ಯಾಮೆರಾವೇ ಬರುತ್ತಿತ್ತು. ಥ್ಯಾಂಕ್ಸ್ ಅಂತ ಹೇಳಿ ಫೋನ್ ಇಟ್ಟೆ.

ನನ್ನದು ಚಿಕ್ಕ ಸ್ಟುಡಿಯೋ. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯಲ್ಲಿ ಅಕ್ಕ ಮತ್ತು ನಾನು, ಇಬ್ಬರೇ. ನಾನು ಮದುವೆಯ ಗೊಡವೆಗೆ ಹೋಗಲಿಲ್ಲ. ಬೇರೆಯವರ ಮದುವೆಗಳಲ್ಲಿ ನಿಂತು ನಿಂತು ಸಾಕಾಗಿತ್ತು. ಭಾವ ತೀರಿಕೊಂಡು, ಮಗಳೂ ಮದುವೆಯಾಗಿ ಹೋದ ಮೇಲೆ ಅಕ್ಕ ಎರಡು ಟ್ರಂಕು, ಒಂದು ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ನನ್ನ ಜೊತೆ ಇರಲು ಬಂದಳು. ಅವಳು ದೊಡ್ಡಾಸ್ಪತ್ರೆಯಲ್ಲಿ ನರ್ಸ್. ಆಪರೇಷನ್ನಿನ ಕತ್ತರಿ, ಚಿಮಟಗಳನ್ನೆಲ್ಲ ದೊಡ್ಡ ಯಂತ್ರದೊಳಗೆ ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವ ಒಂದು ಕೋಣೆಯಿದೆ. ಅದಕ್ಕೆ ಅವಳೇ ಯಜಮಾನಿ. ಅಲ್ಲಿ ಎಲ್ಲರೂ ಅವಳನ್ನು ದೊಡ್ಡ ಸಿಸ್ಟರ್ ಅನ್ನುತ್ತಾರೆ. ಒಂದು ಕತ್ತರಿ ಲೆಕ್ಕಕ್ಕೆ ಸಿಗದಿದ್ದರೆ ಸರ್ಜನ್ನನ್ನೇ ನಿಲ್ಲಿಸಿ ಜೇಬು ತೋರಿಸಿ ಅನ್ನುವ ಹೆಂಗಸು.

ಆ ಕೋಣೆಗೆ ಒಂದು ಪದ್ಧತಿಯಿದೆ. ಯಜಮಾನಿಯಾದವಳು ತನ್ನ ಕೊನೆಯ ದಿನ ಕಪಾಟುಗಳ ಕೀ ಗೊಂಚಲನ್ನು ಮುಂದಿನವಳ ಕೈಗೆ ಕೊಡಬೇಕು. ಕೊಡುವ ಆ ಗಳಿಗೆಯ ಫೋಟೋ ಅಲ್ಲಿನ ಗೋಡೆಗೆ ಏರುತ್ತದೆ. ಆಗಲೇ ನಾಲ್ಕು ಇವೆ. ಫೋಟೋ ಸರಿ ಬರಲಿಲ್ಲ ಎಂದು ಕೊಟ್ಟ ಕೀಯನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಎರಡನೆಯ ಯಜಮಾನಿ ಹಾಗೆ ತೆಗೆದುಕೊಂಡು ಮತ್ತೆ ಕೊಟ್ಟಳಂತೆ. ಆಮೇಲೆ ಮೂರು ದಿನ ಹನ್ನೊಂದು ಚಿಮಟ ಎಷ್ಟು ಹುಡುಕಿದರೂ ಸಿಗಲಿಲ್ಲವಂತೆ. ಅಂದಿನಿಂದ ಒಂದೇ ಸಲ, ಒಂದೇ ಫೋಟೋ. ಮೂರನೆಯವಳ ಫೋಟೋದ ಮೂಲೆಯಲ್ಲಿ ಫೋಟೋಗ್ರಾಫರನ ಹೆಬ್ಬೆರಳು ಬಂದಿದೆ. ಅದೂ ಹಾಗೇ ಗೋಡೆಯ ಮೇಲಿದೆ.

ಈ ಸಲದ ಫೋಟೋ ತೆಗೆಯಬೇಕಾದವಳು ನಾನು. ಕಷ್ಟ ಏನೆಂದರೆ, ನನ್ನ ಅಕ್ಕ ಫೋಟೋದಲ್ಲಿ ಕಣ್ಣು ತೆರೆಯುವುದಿಲ್ಲ.

ಮೊದಲು ಹೀಗಿರಲಿಲ್ಲ. ಫಿಲಂ ಕ್ಯಾಮೆರಾದ ಕಾಲದಲ್ಲಿ ತೆಗೆದ ಫೋಟೋಗಳಲ್ಲಿ, ಭಾವನ ಪಕ್ಕ ನಿಂತು, ಕಣ್ಣು ಅಗಲಿಸಿಕೊಂಡು ಯಾರನ್ನೋ ಗದರಿಸುವವಳ ಹಾಗೆ ನೋಡುತ್ತಿದ್ದಾಳೆ. ಭಾವ ಹೋದ ವರ್ಷದಿಂದ ಶುರುವಾಯಿತು. ಯಾವ ಸಮಾರಂಭವಾಗಲಿ, ಗುಂಪಿನಲ್ಲಿ ಎಲ್ಲರೂ ಕಣ್ಣು ಬಿಟ್ಟಿದ್ದರೆ ಇವಳೊಬ್ಬಳು ಮುಚ್ಚಿರುತ್ತಾಳೆ. ನೆಂಟರು ನಿದ್ದೆಯಮ್ಮ ಎಂದು ಹೆಸರಿಟ್ಟರು. ಆಸ್ಪತ್ರೆಯ ಗುರುತಿನ ಚೀಟಿಗೆ ಕಿಟಕಿ ಪಕ್ಕ ಕೂರಿಸಿ ತೆಗೆದ ಒಂದು ಫೋಟೋದಲ್ಲಿ ಮಾತ್ರ ಕಣ್ಣು ಬಿಟ್ಟಿದ್ದಾಳೆ. ಸಂಬಳ ನಿಂತುಹೋದೀತು ಅನ್ನೋ ಭಯಕ್ಕೆ ಬಿಟ್ಟಿದ್ದಾಳೆ ಎಂದು ನಾನೇ ತಮಾಷೆ ಮಾಡಿದ್ದೆ. ನನ್ನ ತಲೆ ಅಲ್ಲೇ ಓಡಬೇಕಿತ್ತು. ಓಡಲಿಲ್ಲ.

ಏಳು ವರ್ಷದ ಹಿಂದೆ ಅವಳ ಮಗಳ ಮದುವೆಯಾಯಿತು. ಫೋಟೋ ತೆಗೆದವಳು ನಾನೇ. ಎರಡು ದಿನ ಊಟ ನೀರು ಬಿಟ್ಟು ಮುನ್ನೂರು ಫೋಟೋ ತೆಗೆದೆ. ಮದುಮಗಳ ತಾಯಿ ಇರುವ ಅಷ್ಟೂ ಫೋಟೋಗಳಲ್ಲಿ ತಾಯಿ ನಿದ್ದೆ ಮಾಡುತ್ತಿದ್ದಳು. ಆಲ್ಬಮ್ ಬಂದ ದಿನ ನೆಂಟರು ಪುಟ ತಿರುಗಿಸಿ ತಿರುಗಿಸಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನನ್ನ ಕೆಲಸ ಹಾಳಾಯಿತಲ್ಲ ಎಂಬ ಸಿಟ್ಟು. ಅಷ್ಟು ಜನರ ಮುಂದೆ ಅಕ್ಕನಿಗೆ ಹೇಳಿದೆ: "ಭಾವ ಹೋದ್ಮೇಲೆ ನಿನಗೆ ಯಾರನ್ನೂ ನೋಡೋಕೆ ಇಷ್ಟ ಇಲ್ಲ. ಮಗಳ ಮದುವೇನೂ ನೀನು ನೋಡ್ಲಿಲ್ಲ."

ಮರುವಾರ ಅಕ್ಕ ತಾನೇ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಕಣ್ಣಿನಲ್ಲಿ ಏನೂ ತೊಂದರೆಯಿಲ್ಲ ಎಂದರಂತೆ. ಅಂದರೆ ತೊಂದರೆ ಮನಸ್ಸಿನಲ್ಲೇ ಎಂದು ಅವಳು ತೀರ್ಮಾನಿಸಿಕೊಂಡಳು. ಆಲ್ಬಮನ್ನು ಹಳೇ ಚಾದರದಲ್ಲಿ ಸುತ್ತಿ ಕಪಾಟಿನ ಮೇಲೆ ಹಾಕಿದಳು. ಮಗಳು ಮದುವೆಯ ದಿನದ್ದು ಏನಾದರೂ ಕೇಳಿದರೆ, "ನಿನ್ನ ಚಿಕ್ಕಮ್ಮನ್ನ ಕೇಳಮ್ಮ, ನಾನೆಲ್ಲಿ ನೋಡಿದೆ," ಅನ್ನುತ್ತಾಳೆ. ವ್ಯಂಗ್ಯವಾಗಿ ಹೇಳಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಅದನ್ನು ನಂಬಿಯೇ ಹೇಳುತ್ತಾಳೆ.

ಈ ಸಲ ಅವಳೇ ಒಂದು ಉಪಾಯ ಮಾಡಿಟ್ಟಿದ್ದಳು. "ತಲೆ ಬಗ್ಗಿಸ್ಕೊಂಡು ಕೀ ನೋಡ್ತಾ ಕೊಟ್ಬಿಡ್ತೀನಿ. ಆಗ ಕಣ್ಣು ಮುಚ್ಚಿದ್ರೂ ಯಾರಿಗೂ ಗೊತ್ತಾಗಲ್ಲ."

"ಮೂವತ್ತೆರಡು ವರ್ಷ ತಲೆ ಎತ್ಕೊಂಡು ಕೆಲಸ ಮಾಡಿ ಕೊನೇ ದಿನ ತಲೆ ತಗ್ಗಿಸ್ತೀಯಾ?"

"ಗೋಡೆ ಮೇಲೆ ನಿದ್ದೆಯಮ್ಮ ಆಗಿ ನಿಂತಿರೋದಕ್ಕಿಂತ ವಾಸಿ."

ಆ ಕೋಣೆ ನೆಲಮಾಳಿಗೆಯಲ್ಲಿದೆ, ಹೆಸರಿಗೂ ಒಂದು ಕಿಟಕಿಯಿಲ್ಲ. ನನ್ನ ಕ್ಯಾಮೆರಾಕ್ಕೂ ವಯಸ್ಸಾಗಿದೆ. ಫ್ಲ್ಯಾಶ್ ಇಲ್ಲದೆ ಅಲ್ಲಿ ತೆಗೆದರೆ ಮುಖದ ಮೇಲೆ ಮರಳು ಚೆಲ್ಲಿದ ಹಾಗೆ ಬರುತ್ತದೆ. ಆದ್ದರಿಂದ ಫ್ಲ್ಯಾಶ್ ಬೇಕೇ ಬೇಕು, ಅದೂ ನನ್ನ ಕೈಗೆಟಕುವ ಬೆಲೆಗೆ. ಮುರಿದದ್ದನ್ನು ಚೀಲದಲ್ಲಿ ಹಾಕಿಕೊಂಡು ಮೀಟರಪ್ಪನ ಹತ್ತಿರ ಹೋದೆ.

ಮೀಟರಪ್ಪ ಕ್ಯಾಮೆರಾ ರಿಪೇರಿ ಮಾಡುವ ಮುದುಕ. ಏನು ಕೊಟ್ಟರೂ ಮೊದಲು ಅದಕ್ಕೆ ಮೀಟರಿನ ಎರಡು ಕಡ್ಡಿ ಚುಚ್ಚಿ ಕರೆಂಟ್ ನೋಡುತ್ತಾನೆ, ಅದಕ್ಕೇ ಆ ಹೆಸರು. ಒಬ್ಬರೇ ಹತ್ತಬಹುದಾದ ಮೆಟ್ಟಿಲು, ಮೇಲೆ ಒಂದು ಕೋಣೆ, ಮೇಜಿನ ತುಂಬ ಬಿಚ್ಚಿಟ್ಟ ಕ್ಯಾಮೆರಾಗಳು. ನನ್ನ ಫ್ಲ್ಯಾಶನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟ.

"ಇದರ ಕಥೆ ಮುಗೀತಮ್ಮ. ಸರಿ ಮಾಡೋ ದುಡ್ಡಲ್ಲಿ ಬೇರೆ ಕಂಪನೀದು ಒಂದು ಬರತ್ತೆ."

"ಬೇರೆ ಕಂಪನೀದು ನನ್ನ ಕ್ಯಾಮೆರಾಕ್ಕೆ ಹೊಂದತ್ತಾ?"

"ಹೊಂದೋದೂ ಇದೆ, ಕ್ಯಾಮೆರಾನ ಸುಡೋದೂ ಇದೆ. ಕೂತ್ಕೊಳ್ಳಿ."

ಮೂರು ಫ್ಲ್ಯಾಶ್ ತಂದು ಮುಂದಿಟ್ಟ. ಒಂದು ಫಿಲಂ ಕಾಲದ್ದು, ಇಟ್ಟಿಗೆಯಷ್ಟು ಭಾರ. ನಾನು ಕಸುಬು ಶುರು ಮಾಡಿದಾಗ ಕೈಯಲ್ಲಿದ್ದದ್ದು ಅಂಥದೇ, ನೋಡಿದ ಕೂಡಲೇ ಆಸೆಯಾಯಿತು. ಮೀಟರಪ್ಪ ಅದನ್ನು ಆನ್ ಮಾಡಿ ಅದರ ಅಡಿಯ ಪಿನ್ನಿಗೆ ಕಡ್ಡಿ ಚುಚ್ಚಿದ. ಮುಳ್ಳು ಇನ್ನೂರು ವೋಲ್ಟ್ ದಾಟಿತು.

"ಹಳೇ ಕ್ಯಾಮೆರಾ ಇದನ್ನ ತಡ್ಕೊಳ್ತಿತ್ತು. ನಿಮ್ಮದು ತಡ್ಕೊಳ್ಳಲ್ಲ. ಪುಕ್ಕಟೆ ಸಿಕ್ಕಿದ್ರೂ ಮುಟ್ಬೇಡಿ."

ಎರಡನೆಯದರ ಅಡಿಯಲ್ಲಿ ಐದು ಪುಟ್ಟ ಪಿನ್ನುಗಳು. ಅವುಗಳ ಮೂಲಕ ಕ್ಯಾಮೆರಾವೂ ಫ್ಲ್ಯಾಶೂ ಮಾತಾಡಿಕೊಂಡು ಎಷ್ಟು ಬೆಳಕು ಬೇಕೆಂದು ತಾವೇ ತೀರ್ಮಾನಿಸುತ್ತವೆ. ನನ್ನ ಮುರಿದ ಫ್ಲ್ಯಾಶೂ ಇದೇ ಜಾತಿಯದು. ಇದು ಬೆಲೆಯಲ್ಲಿ ಅದರ ಅರ್ಧ. ಮೂರನೆಯದರ ಅಡಿಯಲ್ಲಿ ಒಂದೇ ಪಿನ್ನು. ಹೊಡಿ ಅಂದರೆ ಹೊಡೆಯುತ್ತದೆ, ಅಷ್ಟೇ. ಎಷ್ಟು ಬೆಳಕು ಎಂಬುದನ್ನು ನಾವೇ ಲೆಕ್ಕ ಹಾಕಿ ಗುಂಡಿ ತಿರುಗಿಸಬೇಕು. ಎರಡನೆಯದರ ಮೂರರಲ್ಲಿ ಒಂದು ಪಾಲು ಬೆಲೆ.

"ಈ ದಡ್ಡನ್ನ ಯಾಕೆ ತೋರಿಸ್ತಿದ್ದೀರಿ?" ಎಂದೆ.

"ದಡ್ಡ ಆದ್ರೂ ಗಟ್ಟಿ ಆಳು. ತಲೆ ನಾಲ್ಕೂ ಕಡೆ ತಿರುಗತ್ತೆ, ನಾಲ್ಕು ಸೆಲ್ ಹಾಕಿದ್ರೆ ಮದುವೆ ಮುಗಿಯೋವರೆಗೂ ಬರತ್ತೆ. ಎರಡನ್ನೂ ಒಂದು ದಿನ ಇಟ್ಕೊಂಡು ನೋಡಿ. ಹಳೇ ಗಿರಾಕಿ ನೀವು, ಓಡಿಹೋಗಲ್ಲ."

ನಾನು ಮನಸ್ಸಿನಲ್ಲೇ ಎರಡನೆಯದನ್ನು ಕೊಂಡು ಆಗಿತ್ತು. ಸಂಕೋಚಕ್ಕೆ ಮೂರನೆಯದನ್ನೂ ಚೀಲಕ್ಕೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಅಕ್ಕ ಕಿಟಕಿಗೆ ಬೆನ್ನು ಮಾಡಿ ನಿಂತು ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಳು. ಬಿಳಿ ಬಟ್ಟೆ, ನೆರಳಿನಲ್ಲಿರುವ ಮುಖ. ಫ್ಲ್ಯಾಶ್ ಪರೀಕ್ಷೆ ಮಾಡಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಕ್ಯಾಮೆರಾ ಎತ್ತಿದೆ.

"ನನ್ನ ತೆಗೀಬೇಡ."

"ನಿನ್ನನ್ನ ಯಾರು ತೆಗೀತಾರೆ? ಬಿಳಿ ಬಟ್ಟೆ ಮೇಲೆ ಬೆಳಕು ಹೇಗೆ ಬೀಳತ್ತೆ ಅಂತ ನೋಡ್ತಿದ್ದೀನಿ. ಸುಮ್ನೆ ಈ ಕಡೆ ತಿರುಗಿ ನಿಂತ್ಕೋ."

"ನಿನ್ನ ಕಾಟ ತಾಳೋಕಾಗಲ್ಲ ಮಾರಾಯ್ತಿ," ಎಂದು ಗೊಣಗಿಕೊಂಡು ನಿಂತಳು. ಐದು ಪಿನ್ನಿನ ಜಾಣ ಫ್ಲ್ಯಾಶಿನಲ್ಲಿ ಹನ್ನೆರಡು ತೆಗೆದೆ, ದಡ್ಡ ಫ್ಲ್ಯಾಶಿನಲ್ಲಿ ಹನ್ನೆರಡು. ಅಂಗಡಿಗೆ ಇಳಿದು ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ.

ಮೊದಲ ಹನ್ನೆರಡರಲ್ಲೂ ಅಕ್ಕನ ಕಣ್ಣು ಮುಚ್ಚಿತ್ತು. ಅದರಲ್ಲಿ ಹೊಸದೇನೂ ಇರಲಿಲ್ಲ. ಹದಿಮೂರನೆಯದಕ್ಕೆ ಬಂದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಹದಿನಾಲ್ಕನೆಯದರಲ್ಲೂ ನೋಡುತ್ತಿದ್ದಳು. ಎರಡನೆಯ ಹನ್ನೆರಡರಲ್ಲಿ ಹನ್ನೊಂದರಲ್ಲಿ ಕಣ್ಣು ತೆರೆದಿತ್ತು. ಉಳಿದ ಒಂದರಲ್ಲಿ ಇಸ್ತ್ರಿ ಪೆಟ್ಟಿಗೆ ಬುಸ್ ಎಂದು ಹಬೆ ಬಿಟ್ಟಿದ್ದಕ್ಕೆ ಮುಚ್ಚಿತ್ತು. ಬೆಳಕಿನ ಲೆಕ್ಕವೇನೋ ತಪ್ಪಿತ್ತು. ಕೆಲವು ಕಪ್ಪಾಗಿದ್ದವು, ಕೆಲವು ಸುಣ್ಣ ಬಳಿದ ಹಾಗಿದ್ದವು. ಕಣ್ಣು ಮಾತ್ರ ತೆರೆದೇ ಇತ್ತು. ಬಾಗಿಲಲ್ಲಿ ಯಾರೋ ಅರ್ಜಿಗೆ ಫೋಟೋ ಬೇಕೆಂದು ನಿಂತಿದ್ದರು. ಆಮೇಲೆ ಬನ್ನಿ ಎಂದು ಅವರನ್ನು ಕಳಿಸಿ, ಶಟರ್ ಎಳೆದು ಮೀಟರಪ್ಪನ ಹತ್ತಿರ ಓಡಿದೆ.

ಅವನು ಫೋಟೋಗಳನ್ನು ನೋಡಿ, ಜಾಣ ಫ್ಲ್ಯಾಶನ್ನು ಕ್ಯಾಮೆರಾದ ಮೇಲೆ ಕೂರಿಸಿದ. ಕ್ಯಾಮೆರಾದ ಕಣ್ಣು ಒಂದು ಸೆಕೆಂಡ್ ತೆರೆದಿರುವಂತೆ, ಫ್ಲ್ಯಾಶ್ ಕೊನೆಯಲ್ಲಿ ಹೊಡೆಯುವಂತೆ ಇಟ್ಟ. ಕೋಣೆಯ ಲೈಟ್ ಆರಿಸಿದ. "ಗೋಡೆ ನೋಡ್ತಿರಿ," ಎಂದು ಬಟನ್ ಒತ್ತಿದ.

ಗೋಡೆಯ ಮೇಲೆ ಒಂದು ಸಣ್ಣ ಬೆಳಕು ಬಂದು ಹೋಯಿತು. ಆಮೇಲೆ ದೊಡ್ಡದು.

"ಎರಡು ಸಲ ಹೊಡೀತು," ಎಂದೆ.

"ಯಾವಾಗ್ಲೂ ಎರಡು ಸಲಾನೇ. ಮೊದಲು ಚಿಕ್ಕದು ಹೊಡೆದು ಎಷ್ಟು ಬೆಳಕು ವಾಪಸ್ ಬಂತು ಅಂತ ಅಳೆಯತ್ತೆ, ಆಮೇಲೆ ದೊಡ್ಡದು ಹೊಡೆದು ಫೋಟೋ ತೆಗೆಯತ್ತೆ. ಮಾಮೂಲಿ ತೆಗೆಯೋವಾಗ ಎರಡೂ ಎಷ್ಟು ಹತ್ರ ಅಂದ್ರೆ ನಮಗೆ ಒಂದೇ ಅನ್ಸತ್ತೆ. ನಮ್ಮ ರೆಪ್ಪೆ ಮುಚ್ಚೋ ಹೊತ್ತಿಗೆ ಫೋಟೋ ಆಗೋಗಿರತ್ತೆ. ಎಲ್ಲೋ ಕೆಲವರ ರೆಪ್ಪೆ ಚುರುಕು. ಚಿಕ್ಕದಕ್ಕೇ ಮುಚ್ಕೊಳ್ಳತ್ತೆ, ದೊಡ್ಡದು ಬರೋ ಹೊತ್ತಿಗೆ ಮುಚ್ಚೇ ಇರತ್ತೆ. ಈ ದಡ್ಡ ಅಳೆಯೋದೇ ಇಲ್ಲ, ಒಂದೇ ಏಟು. ಏನು ಕೆಲಸ ಮಾಡ್ತಾರೆ ನಿಮ್ಮ ಅಕ್ಕ?"

ಹೇಳಿದೆ. ಹಬೆ ಯಂತ್ರದ ಬಾಗಿಲನ್ನು ದಿನಕ್ಕೆ ಎಂಟು ಹತ್ತು ಸಲ ತೆರೆಯುತ್ತಾಳೆ. ತೆರೆದಾಗಲೆಲ್ಲ ಒಂದು ಬಿಸಿ ಉಸಿರು ಮುಖಕ್ಕೆ ಬರುತ್ತದೆ.

"ಮತ್ತೆ? ಮೂವತ್ತು ವರ್ಷ ಹಬೆಗೆ ಕಣ್ಣು ಕೊಡದೆ ಉಳಿಸ್ಕೊಂಡೋರು ನಿಮ್ಮ ಫ್ಲ್ಯಾಶಿಗೆ ಕೊಡ್ತಾರಾ?"

ನನಗೆ ನಗು ಬರಲಿಲ್ಲ. ಭಾವ ಹೋದ ವರ್ಷವೇ ನಾನು ಫಿಲಂ ಬಿಟ್ಟು ಡಿಜಿಟಲ್ ಕೊಂಡಿದ್ದೆ. ಎಲ್ಲ ಅದೇ ನೋಡಿಕೊಳ್ಳುತ್ತದೆ ಎಂದು ಅಂಗಡಿಯವನು ಫ್ಲ್ಯಾಶನ್ನು ತಾನೇ ಅಳೆದು ಹೊಡೆಯುವ ಆಟೋ ಸೆಟ್ಟಿಂಗಿನಲ್ಲಿಟ್ಟು ಕೊಟ್ಟ. ನಾನು ಆಟೋದಲ್ಲೇ ಬಿಟ್ಟೆ. ಅದರ ಬೆನ್ನಿನಲ್ಲಿ ಆಟೋ ತೆಗೆಯುವ ಬಟನ್ ಕೂಡ ಇತ್ತು. ಒಂಬತ್ತು ವರ್ಷ ಅದನ್ನು ಒಂದು ಸಲವೂ ಒತ್ತಿರಲಿಲ್ಲ. ಊರಿಗೆಲ್ಲ ನಾನೊಬ್ಬಳೇ ಫೋಟೋಗ್ರಾಫರ್ ಎಂದು ಮೆರೆಯುತ್ತಿದ್ದವಳು, ನನ್ನ ಪೆಟ್ಟಿಗೆ ಎಷ್ಟು ಸಲ ಹೊಡೆಯುತ್ತದೆ ಎಂಬುದನ್ನೇ ತಿಳಿಯದೆ, ತಪ್ಪನ್ನು ಅಕ್ಕನ ದುಃಖದ ಮೇಲೆ ಹೊರಿಸಿದ್ದೆ. ಮೀಟರಪ್ಪನ ಸ್ಟೂಲಿನ ಮೇಲೆ ಕೂತು ನಾಚಿಕೆಯಿಂದ ಕುಗ್ಗಿಹೋದೆ.

"ಈ ಜಾಣನಲ್ಲೂ ಆಟೋ ತೆಗೆದು ಹೊಡೀಬಹುದು," ಎಂದ ಅವನು. "ಆದ್ರೆ ತೆಗೆದು ಹೊಡೆಯೋಕೆ ಮೂರು ಪಟ್ಟು ದುಡ್ಡು ಯಾಕೆ?"

ದಡ್ಡನಿಗೆ ದುಡ್ಡು ಎಣಿಸಿ ಕೊಟ್ಟೆ.

ಮನೆಗೆ ಹೋಗಿ ಅಕ್ಕನಿಗೆ ಹೇಳಬೇಕಿತ್ತು. ಎರಡು ಸಲ ಬಾಯಿ ತೆರೆದೆ. ಒಂದು ಸಲ ಗ್ಯಾಸ್ ಬುಕ್ ಮಾಡಿದ್ದೀಯಾ ಎಂದು ಕೇಳಿದೆ, ಇನ್ನೊಂದು ಸಲ ಏನೂ ಇಲ್ಲ ಎಂದೆ. ಬರೀ ಮಾತಿನಲ್ಲಿ ಹೇಳಿದರೆ ತನ್ನನ್ನು ಸಮಾಧಾನ ಮಾಡಲು ಕಥೆ ಕಟ್ಟುತ್ತಿದ್ದಾಳೆ ಅಂದುಕೊಳ್ಳುತ್ತಾಳೆ. ಕಪ್ಪಾದ ಆ ಪರೀಕ್ಷೆಯ ಫೋಟೋ ತೋರಿಸಿದರೆ, ತೆಗೆಯೋದಿಲ್ಲ ಎಂದು ಹೇಳಿ ತೆಗೆದೆಯಾ ಎಂದು ಅದಕ್ಕೆ ಬೇರೆ ಜಗಳ. ಹೀಗೆಲ್ಲ ನೆಪ ಹೇಳಿಕೊಂಡೆ. ಅಸಲಿಗೆ ನನಗೆ ಧೈರ್ಯವಿರಲಿಲ್ಲ. ಗೋಡೆಗೆ ಹೋಗುವ ಫೋಟೋ ಸರಿಯಾಗಿ ಬಂದರೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಹೇಳುವುದೆಂದು ನಿಶ್ಚಯಿಸಿದೆ.

ಅಕ್ಕನ ಕೊನೆಯ ದಿನದ ಹಿಂದಿನ ದಿನವೇ ಅಳತೆ ಟೇಪು ತೆಗೆದುಕೊಂಡು ನೆಲಮಾಳಿಗೆಗೆ ಹೋದೆ. ಎದೆಮಟ್ಟದವರೆಗೆ ಬಿಳಿ ಟೈಲ್ಸ್, ಅದರ ಮೇಲೆ ಗೋಡೆಗೂ ಚಾವಣಿಗೂ ಹಸಿರು ಬಣ್ಣ, ಚಾವಣಿಯ ತುಂಬ ಪೈಪು. ಚಾವಣಿಗೆ ಬೆಳಕು ಹೊಡೆದರೆ ಎಲ್ಲರ ಮುಖವೂ ಹಸಿರಾಗುತ್ತದೆ. ಪಕ್ಕದ ಗೋಡೆಗೆ ಆಸ್ಪತ್ರೆಯ ಬಿಳಿ ಚಾದರವೊಂದನ್ನು ಕಟ್ಟಿಸಿ, ಫ್ಲ್ಯಾಶಿನ ತಲೆಯನ್ನು ಅದರ ಕಡೆ ತಿರುಗಿಸಿದೆ. ಫಿಲಂ ಕಾಲದಲ್ಲಿ ಮಾಡುತ್ತಿದ್ದ ಹಾಗೆ ಫ್ಲ್ಯಾಶಿನಿಂದ ಚಾದರಕ್ಕೆ, ಚಾದರದಿಂದ ಮುಖಕ್ಕೆ ಅಡಿ ಅಳೆದು ಲೆಕ್ಕ ಹಾಕಿದೆ. ಅಕ್ಕನ ಜಾಗಕ್ಕೆ ಬರಲಿದ್ದ ಚಿಕ್ಕ ಸಿಸ್ಟರನ್ನು ನಿಲ್ಲಿಸಿ ಇಪ್ಪತ್ತು ಸಲ ಹೊಡೆದೆ. ಬೆಳಕು ಸರಿಬಂದ ಮೇಲೆ ಅವಳ ಚಪ್ಪಲಿಯ ತುದಿಗೂ ಅಕ್ಕ ನಿಲ್ಲುವ ಜಾಗಕ್ಕೂ ನೆಲದ ಮೇಲೆ ಪ್ಲಾಸ್ಟರ್ ಅಂಟಿಸಿದೆ. ಫ್ಲ್ಯಾಶಿನ ಗುಂಡಿಯ ಮೇಲೂ ಒಂದು ಪ್ಲಾಸ್ಟರ್, ಕೈ ತಾಗಿ ತಿರುಗದಿರಲಿ ಎಂದು.

"ದೊಡ್ಡ ಸಿಸ್ಟರ್‌ಗಿಂತ ನೀವೇ ಕಟ್ಟುನಿಟ್ಟು," ಎಂದಳು ಚಿಕ್ಕ ಸಿಸ್ಟರ್.

ಮರುದಿನ ಮಧ್ಯಾಹ್ನ ಕೋಣೆ ತುಂಬಿತ್ತು. ನರ್ಸುಗಳು, ವಾರ್ಡಿನ ಆಯಾಗಳು, ಇಬ್ಬರು ಸರ್ಜನ್ನರು. ಅಕ್ಕ ಇಸ್ತ್ರಿಯ ಗೆರೆ ಮುರಿಯದ ಯೂನಿಫಾರಂನಲ್ಲಿ ಪ್ಲಾಸ್ಟರಿನ ಮೇಲೆ ಬಂದು ನಿಂತಳು. ಕಪಾಟುಗಳನ್ನು ಒಂದೊಂದಾಗಿ ತೆರೆದು, ಎಣಿಸಿ, ಬೀಗ ಹಾಕಿ ಆಗಿತ್ತು. ಕೀ ಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದಳು. ಹೇಳಿದ್ದ ಹಾಗೇ ತಲೆ ಬಗ್ಗಿಸಿದಳು. ಚಿಕ್ಕ ಸಿಸ್ಟರ್ ಕೈ ಚಾಚಿದಳು.

ಕ್ಯಾಮೆರಾದಲ್ಲಿ ಕಾಣುತ್ತಿದ್ದದ್ದು ಅಕ್ಕನ ಬೈತಲೆ ಮಾತ್ರ.

"ಅಕ್ಕ, ನನ್ನ ನೋಡು."

ತಲೆ ಎತ್ತಲಿಲ್ಲ. ಕೀ ಗೊಂಚಲು ಅವಳ ಕೈಯಿಂದ ಜಾರಿ ಆ ಕೈಗೆ ಹೋಗಲು ಶುರುವಾಗಿತ್ತು.

"ಅಕ್ಕ, ಕತ್ತರಿ ಒಂದು ಕಮ್ಮಿ ಇದೆ."

ಅಕ್ಕ ತಲೆ ಎತ್ತಿ ನನ್ನನ್ನು ನೋಡಿದಳು. ಒತ್ತಿದೆ. ಚಾದರ ಒಮ್ಮೆ ಬೆಳಗಿತು. ಕೀ ಚಿಕ್ಕ ಸಿಸ್ಟರ್ ಕೈಯಲ್ಲಿತ್ತು.

"ಯಾವ ಕತ್ತರಿ?" ಎಂದಳು ಅಕ್ಕ. ಕೋಣೆಯೆಲ್ಲ ನಕ್ಕಿತು. ಅವಳು ಮಾತ್ರ ನಗಲಿಲ್ಲ. ಚಿಕ್ಕ ಸಿಸ್ಟರ್ ಕೈಯಿಂದ ಕಪಾಟುಗಳ ಬಾಗಿಲು ತೆಗೆಸಿ ಇನ್ನೊಮ್ಮೆ ಎಣಿಸಿಯೇ ಹೊರಟಳು.

ಅಂಗಡಿಗೆ ಬಂದು ದೊಡ್ಡದಾಗಿ ಪ್ರಿಂಟ್ ಹಾಕಿದೆ. ಸಂಜೆ ಅಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಪ್ರಿಂಟನ್ನು ಅವಳ ಮಡಿಲಲ್ಲಿಟ್ಟೆ. ಎರಡು ಕಣ್ಣೂ ಅಗಲವಾಗಿ ತೆರೆದು, ಕತ್ತರಿ ಕಳೆದ ನರ್ಸನ್ನು ನೋಡುವ ಹಾಗೆ ನೋಡುತ್ತಿದ್ದಳು ಫೋಟೋದ ಅಕ್ಕ.

"ಇದು ಹೇಗೆ ಬಂತು?"

ಹೇಳಿದೆ. ಸಣ್ಣ ಬೆಳಕು, ದೊಡ್ಡ ಬೆಳಕು, ಅವಳ ರೆಪ್ಪೆ, ಹಬೆ, ನಾನು ಒತ್ತದೇ ಬಿಟ್ಟ ಬಟನ್, ಎಲ್ಲವನ್ನೂ. "ತಪ್ಪು ನಂದು. ನಿನ್ನಲ್ಲಿ ಏನೂ ಇರಲಿಲ್ಲ. ಅವತ್ತು ಅಷ್ಟು ಜನರ ಮುಂದೆ ಹಾಗೆ ಅಂದ್ಬಿಟ್ಟೆ," ಎಂದೆ.

ಅಕ್ಕ ನನ್ನನ್ನು ಬೈಯುತ್ತಾಳೆ ಎಂದು ಕಾದೆ. ಅವಳು ಲೆಕ್ಕ ಹಾಕುತ್ತಿದ್ದಳು.

"ಮದುವೇಲಿ ಇದ್ದದ್ದೂ ಅದೇ ಫ್ಲ್ಯಾಶಾ? ಆ ಎರಡು ಸಲ ಹೊಡೆಯೋದು?"

"ಅದೇ."

"ಎಲ್ಲಾ ಫೋಟೋಕ್ಕೂ?"

"ಎಲ್ಲಾದಕ್ಕೂ."

ಅಕ್ಕ ಪ್ರಿಂಟನ್ನು ಮೇಜಿನ ಮೇಲಿಟ್ಟಳು. "ಅವತ್ತು ಮಗಳು ಛತ್ರದ ಮೆಟ್ಟಿಲು ಇಳಿಯೋವಾಗ ಎಡಗಾಲಿನ ಚಪ್ಪಲಿ ಮೇಲೇ ಉಳೀತು. ಬರಿಗಾಲಲ್ಲಿ ವಾಪಸ್ ಹೋಗಿ ಹಾಕ್ಕೊಂಡು ಬಂದ್ಲು. ಯಾರೋ ನನಗೆ ಹೇಳಿದ್ದು ಅಂದ್ಕೊಂಡಿದ್ದೆ."

"ಯಾರೂ ಹೇಳಿಲ್ಲ ಅಕ್ಕ. ನನಗೇ ಗೊತ್ತಿಲ್ಲ ಅದು."

"ಹಾಗಾದ್ರೆ ನಾನೇ ನೋಡಿದೀನಿ."

ಸೆರಗಿನಿಂದ ಮುಖ ಒರೆಸಿಕೊಂಡು ಆಲ್ಬಮ್ ತಾ ಎಂದಳು. ಸ್ಟೂಲ್ ಎಳೆದುಕೊಂಡು ಕಪಾಟಿನ ಮೇಲಿಂದ ಇಳಿಸಿದೆ. ಚಾದರ ಬಿಚ್ಚಿ, ಏಳು ವರ್ಷದ ಧೂಳು ಕೊಡವಿ, ಮೇಜಿನ ಮೇಲಿಟ್ಟೆವು. ಮೊದಲ ಪುಟದಲ್ಲಿ ಮಗಳು ನಗುತ್ತಿದ್ದಾಳೆ, ಪಕ್ಕದಲ್ಲಿ ಅಕ್ಕ ಕಣ್ಣು ಮುಚ್ಚಿಕೊಂಡು ನಿಂತಿದ್ದಾಳೆ. ಆ ಮುಚ್ಚಿದ ಕಣ್ಣಿನ ಮೇಲೆ ಅಕ್ಕ ಬೆರಳಿಟ್ಟಳು.

"ಇಲ್ಲಿ ನಾನು ಅವಳನ್ನೇ ನೋಡ್ತಿದ್ದೆ," ಎಂದಳು.